ಹೋನಸ್ ವ್ಯಾಗ್ನರ್: ಚಿತ್ರ ಕೊಡಲೊಪ್ಪದ ಆಟಗಾರ

ಮನುಷ್ಯನ ಯೋಗ್ಯತೆಯನ್ನು ಅವನು ಗಳಿಸಿದ್ದರಿಂದ ಅಳೆಯುವುದು ಲೋಕದ ರೂಢಿ. ಎಷ್ಟು ಓದಿದನು, ಎಷ್ಟು ಸಂಪಾದಿಸಿದನು, ಎಷ್ಟು ಬಹುಮಾನಗಳನ್ನು ಮನೆಗೆ ತಂದನು ಎಂಬುದನ್ನೇ ನಾವು ಲೆಕ್ಕ ಹಾಕುತ್ತೇವೆ. ಕೈಗೆ ಬಂದುದನ್ನು ಬೇಡವೆಂದವರ ಲೆಕ್ಕವನ್ನು ಇಡುವವರು ವಿರಳ. ಅಮೆರಿಕಾ ದೇಶದ ಬೇಸ್‌ಬಾಲ್ ಆಟಗಾರ ಹೋನಸ್ ವ್ಯಾಗ್ನರನು ತನ್ನ ಕಾಲದಲ್ಲಿ ಆಟದ ಬಯಲಿನಲ್ಲಿ ಗಳಿಸಿದ ಕೀರ್ತಿ ಸಾಮಾನ್ಯವಾದುದಲ್ಲ. ಆದರೂ ಇಂದು ಆ ಆಟವನ್ನು ಎಂದೂ ನೋಡದವರ ಕಿವಿಗೂ ಅವನ ಹೆಸರು ಬಿದ್ದಿದ್ದರೆ, ಅದಕ್ಕೆ ಕಾರಣ ಒಂದು ಪುಟ್ಟ ಚಿತ್ರ. ಆ ಚಿತ್ರವನ್ನು ಒಂದು ಸಿಗರೇಟು ಕಂಪನಿಗೆ ಕೊಡಲು ಅವನು ಒಪ್ಪಲಿಲ್ಲ. ಈ ಮಹನೀಯನ ಜೀವನವನ್ನು ನನಗೆ ತಿಳಿದಷ್ಟು ಮಟ್ಟಿಗೆ ನನ್ನ ಸಹಪಾಠಿಗಳ ಮುಂದಿಡಬೇಕೆಂಬುದು ಈ ಲೇಖನದ ಉದ್ದೇಶ.

ನಾನು ಆಟಗಾರರ ಸಾಲಿಗೆ ಸೇರಿದ ವ್ಯಕ್ತಿಯಲ್ಲವೆಂಬುದು ನಮ್ಮ ದೈಹಿಕ ಶಿಕ್ಷಣದ ಗುರುಗಳಿಗೆ ಚೆನ್ನಾಗಿ ಗೊತ್ತು. ಆದರೆ ಆಟಗಾರರ ಚಿತ್ರಗಳ ಹುಚ್ಚು ನನಗೆ ಚಿಕ್ಕಂದಿನಿಂದಲೂ ಇದ್ದಿತು. ನಮ್ಮ ಪ್ರಾಥಮಿಕ ಶಾಲೆಯ ಎದುರಿನ ಗೂಡಂಗಡಿಯಲ್ಲಿ ಕ್ರಿಕೆಟ್ ಆಟಗಾರರ ಚಿತ್ರವಿದ್ದ ಕಾರ್ಡುಗಳನ್ನು ಮಾರುತ್ತಿದ್ದರು. ಮಧ್ಯಾಹ್ನದ ಬಿಡುವಿನಲ್ಲಿ ಮಾವಿನ ಮರದ ಬುಡದಲ್ಲಿ ಕುಳಿತು, ಎರಡು ಸಾಮಾನ್ಯ ಆಟಗಾರರಿಗೆ ಒಬ್ಬ ಹೆಸರಾಂತ ಆಟಗಾರನೆಂಬ ಲೆಕ್ಕದಲ್ಲಿ ನಾವು ಅವುಗಳನ್ನು ಅದಲು ಬದಲು ಮಾಡಿಕೊಳ್ಳುತ್ತಿದ್ದೆವು. ನನ್ನ ಬಳಿ ಅಂಥವು ಒಂದು ಬಿಸ್ಕತ್ತಿನ ಡಬ್ಬಿ ತುಂಬ ಇದ್ದವು. ಅವನ್ನು ಕೊಳ್ಳಲು ಬೇಕಾದ ಚಿಲ್ಲರೆ ಬರುತ್ತಿದ್ದುದು ನನ್ನ ತಾಯಿ ಬೀಡಿ ಕಟ್ಟಿ ತರುತ್ತಿದ್ದ ಹಣದಿಂದ. ನಮ್ಮ ಕರಾವಳಿಯ ಸಾವಿರಾರು ಮನೆಗಳಂತೆ ನಮ್ಮದೂ ಬೀಡಿಯ ಗೆರಸೆಯ ಮೇಲೆ ನಿಂತ ಮನೆ. ಈ ಮಾತನ್ನು ಇಲ್ಲಿ ಏಕೆ ಎತ್ತಿದೆನೆಂಬುದು ಲೇಖನದ ಕೊನೆಯಲ್ಲಿ ಸ್ಪಷ್ಟವಾಗುತ್ತದೆ.

ಕಳೆದ ವರ್ಷ ಅರ್ಥಶಾಸ್ತ್ರದ ತರಗತಿಯಲ್ಲಿ ಏಕಸ್ವಾಮ್ಯದ ಪಾಠ ನಡೆಯುತ್ತಿದ್ದಾಗ, ನಮ್ಮ ಅಧ್ಯಾಪಕರು ಉದಾಹರಣೆಗಾಗಿ ಅಮೆರಿಕನ್ ಟೊಬ್ಯಾಕೋ ಕಂಪನಿಯ ಕಥೆಯನ್ನು ಹೇಳಿದರು. ಆ ಕಂಪನಿಯು ಸಿಗರೇಟಿನ ಪೊಟ್ಟಣಗಳಲ್ಲಿ ಆಟಗಾರರ ಚಿತ್ರವಿಟ್ಟು ಮಾರುತ್ತಿದ್ದಿತೆಂದು ಅವರು ಮಾತಿನ ನಡುವೆ ಹೇಳಿದ್ದೇ ತಡ, ನನಗೆ ಬಿಸ್ಕತ್ತಿನ ಡಬ್ಬಿ ನೆನಪಾಯಿತು. ಆ ಎಳೆಯನ್ನು ಹಿಡಿದು ಓದುತ್ತ ಹೋದಾಗ ದೊರೆತವನೇ ವ್ಯಾಗ್ನರನು.

ಜೋಹಾನೆಸ್ ಪೀಟರ್ ವ್ಯಾಗ್ನರನು 1874ನೆಯ ಇಸವಿ ಫೆಬ್ರವರಿ 24ರಂದು ಪೆನ್ಸಿಲ್ವೇನಿಯಾ ಸಂಸ್ಥಾನದಲ್ಲಿ, ಪಿಟ್ಸ್‌ಬರ್ಗ್ ನಗರದ ಬಳಿಯ ಗಣಿಗಾರರ ಊರೊಂದರಲ್ಲಿ ಹುಟ್ಟಿದನು. ಆ ಊರಿಗೆ ಮುಂದೆ ಉಕ್ಕಿನ ದೊರೆ ಆಂಡ್ರ್ಯೂ ಕಾರ್ನೆಗಿಯ ಹೆಸರು ಬಂದಿತು. ತಂದೆ ತಾಯಿಗಳು ಜರ್ಮನಿಯಿಂದ ಹೊಟ್ಟೆಪಾಡಿಗಾಗಿ ವಲಸೆ ಬಂದವರು. ಜೋಹಾನೆಸ್ ಎಂಬ ಹೆಸರೇ ಜನರ ಬಾಯಲ್ಲಿ ಸವೆದು ಹಾನ್ಸ್ ಎಂದೂ ಹೋನಸ್ ಎಂದೂ ಆಯಿತು. ಮನೆಯಲ್ಲಿ ಮಕ್ಕಳು ಬಹಳ, ವರಮಾನ ಸ್ವಲ್ಪ. ಹನ್ನೆರಡನೆಯ ವಯಸ್ಸಿಗೆ ಹುಡುಗನು ಶಾಲೆಗೆ ಶರಣು ಹೊಡೆದು, ತಂದೆ ಹಾಗೂ ಅಣ್ಣಂದಿರೊಡನೆ ಕಲ್ಲಿದ್ದಲ ಗಣಿಗೆ ಇಳಿದನು. ನೆಲದಡಿಯ ಕತ್ತಲೆಯಲ್ಲಿ ದಿನವಿಡೀ ಕಲ್ಲಿದ್ದಲನ್ನು ಬಂಡಿಗೆ ತುಂಬುವುದು, ವಾರದ ಕೊನೆಯಲ್ಲಿ ಅಣ್ಣಂದಿರ ಜೊತೆ ಬಯಲಿನಲ್ಲಿ ಚೆಂಡಾಡುವುದು, ಇದೇ ಅವನ ಬಾಲ್ಯ. ಕೆಲವು ಕಾಲ ಕ್ಷೌರದ ಕೆಲಸವನ್ನೂ ಕಲಿತನು. ಆದರೆ ಕತ್ತರಿಗಿಂತ ಚೆಂಡಿನ ಕಡೆಗೇ ಅವನ ಕೈ ಓಡುತ್ತಿದ್ದಿತು.

ಅವನ ಅಣ್ಣ ಆಲ್ಬರ್ಟನೂ ಒಳ್ಳೆಯ ಆಟಗಾರನು. 1895ರಲ್ಲಿ ಹೋನಸನು ಸಣ್ಣ ಪುಟ್ಟ ಊರುಗಳ ತಂಡಗಳಲ್ಲಿ ಸಂಬಳಕ್ಕೆ ಆಡಲು ಆರಂಭಿಸಿದನು. ಮರುವರ್ಷ ಎಡ್ ಬ್ಯಾರೋ ಎಂಬ ವ್ಯವಸ್ಥಾಪಕನು ಅವನನ್ನು ನ್ಯೂಜೆರ್ಸಿಯ ಪ್ಯಾಟರ್ಸನ್ ತಂಡಕ್ಕೆ ಸೇರಿಸಿಕೊಂಡನು. ಬ್ಯಾರೋ ಅವನನ್ನು ಹುಡುಕಿಕೊಂಡು ಹೋದಾಗ ಹುಡುಗನು ರೈಲುಹಾದಿಯ ಬಳಿ ನಿಂತು ಕಲ್ಲುಗಳನ್ನು ಬಹು ದೂರ ಬೀಸಿ ಎಸೆಯುತ್ತಿದ್ದನೆಂದೂ, ಆ ತೋಳಿನ ಬಲವನ್ನು ಕಂಡೇ ಬ್ಯಾರೋ ಮಾತು ಮುಗಿಸಿದನೆಂದೂ ಒಂದು ಕಥೆಯಿದೆ. 1897ರಲ್ಲಿ ಅವನು ಲೂಯಿವಿಲ್ ನಗರದ ತಂಡದ ಮೂಲಕ ನ್ಯಾಷನಲ್ ಲೀಗ್ ಎಂಬ ದೊಡ್ಡ ಪಂಗಡವನ್ನು ಪ್ರವೇಶಿಸಿದನು. 1900ರಲ್ಲಿ ಆ ಪಂಗಡವು ಹನ್ನೆರಡು ತಂಡಗಳಿಂದ ಎಂಟಕ್ಕೆ ಇಳಿದಾಗ ಲೂಯಿವಿಲ್ ತಂಡವು ಇಲ್ಲವಾಯಿತು. ಅದರ ಮಾಲೀಕ ಬಾರ್ನಿ ಡ್ರೈಫಸನು ತನ್ನ ಮುಖ್ಯ ಆಟಗಾರರನ್ನು ಕರೆದುಕೊಂಡು ಪಿಟ್ಸ್‌ಬರ್ಗ್ ತಂಡಕ್ಕೆ ಹೋದನು. ಹೀಗೆ ವ್ಯಾಗ್ನರನು ತನ್ನ ಮನೆಯ ಬಾಗಿಲಿಗೇ ಹಿಂದಿರುಗಿದನು. ಮುಂದೆ ಆಟ ಬಿಡುವವರೆಗೂ, ಅಂದರೆ 1917ರವರೆಗೂ, ಆ ಊರಿನ ತಂಡವನ್ನು ಅವನು ಬಿಡಲಿಲ್ಲ.

ನಮ್ಮಲ್ಲಿ ಬೇಸ್‌ಬಾಲ್ ಆಟವು ಅಷ್ಟಾಗಿ ಪ್ರಚಾರದಲ್ಲಿಲ್ಲವಾದ್ದರಿಂದ ಎರಡು ಮಾತು ಹೇಳುವುದು ಅವಶ್ಯಕ. ಕ್ರಿಕೆಟ್ಟಿನಂತೆಯೇ ಇದರಲ್ಲಿಯೂ ಒಬ್ಬನು ಚೆಂಡೆಸೆಯುತ್ತಾನೆ, ಇನ್ನೊಬ್ಬನು ದುಂಡನೆಯ ದಾಂಡಿನಿಂದ ಹೊಡೆಯುತ್ತಾನೆ. ಹೊಡೆದವನು ಚೌಕದ ನಾಲ್ಕು ಮೂಲೆಗಳನ್ನು ಸುತ್ತಿ ಬಂದರೆ ಒಂದು ಓಟ. ನೂರು ಸಲ ದಾಂಡು ಹಿಡಿದವನು ಮೂವತ್ತು ಸಲ ಸರಿಯಾಗಿ ಹೊಡೆದು ಮೊದಲ ಮೂಲೆಯನ್ನು ಮುಟ್ಟಿದರೆ ಅವನನ್ನು ಉತ್ತಮ ಆಟಗಾರನೆನ್ನುತ್ತಾರೆ. ವ್ಯಾಗ್ನರನು 1900ರಲ್ಲಿ ನೂರಕ್ಕೆ ಮೂವತ್ತೆಂಟರಂತೆ ಹೊಡೆದನು. ಒಟ್ಟು ಎಂಟು ವರ್ಷ ತನ್ನ ಪಂಗಡದ ದಾಂಡಿಗರಲ್ಲಿ ಅಗ್ರಸ್ಥಾನ ಪಡೆದನು. ಇಡೀ ಜೀವಮಾನದಲ್ಲಿ 3,400ಕ್ಕೂ ಮೇಲ್ಪಟ್ಟು ಸಲ ಸರಿಯಾಗಿ ಹೊಡೆದನು. ಎದುರಾಳಿಗಳ ಕಣ್ಣು ತಪ್ಪಿಸಿ 700ಕ್ಕೂ ಹೆಚ್ಚು ಸಲ ಮುಂದಿನ ಮೂಲೆಗೆ ಓಡಿ ಸೇರಿದನು. ಚೆಂಡು ಹಿಡಿಯುವಾಗ ಅವನು ನಿಲ್ಲುತ್ತಿದ್ದುದು ಎರಡನೆಯ ಮತ್ತು ಮೂರನೆಯ ಮೂಲೆಗಳ ನಡುವಿನ ಸ್ಥಳದಲ್ಲಿ. ಅತಿ ಚುರುಕಾದವರಿಗೆ ಮಾತ್ರ ಸಲ್ಲುವ ಸ್ಥಳವದು.

ಈ ಚುರುಕುತನವು ಅವನ ಮೈಕಟ್ಟಿನಲ್ಲಿ ಎಲ್ಲಿ ಅಡಗಿದ್ದಿತೆಂದು ನೋಡಿದವರು ಬೆರಗಾಗುತ್ತಿದ್ದರು. ಭಾರಿ ಎದೆ, ಮೊಣಕಾಲಿನವರೆಗೆ ಇಳಿಬಿದ್ದಂತೆ ಕಾಣುವ ಉದ್ದ ತೋಳುಗಳು, ಮೊರದಷ್ಟಗಲದ ಅಂಗೈಗಳು, ನಡುವೆ ಚೆಂಡು ನುಸುಳಿ ಹೋಗುವಷ್ಟು ಬಾಗಿದ ಕಾಲುಗಳು. ಆದರೆ ಓಡಲು ತೊಡಗಿದನೆಂದರೆ ಹಾರಿದಂತೆಯೇ ಕಾಣುತ್ತಿದ್ದಿತು. ಹಾರುವ ಡಚ್ಚನೆಂಬ ಅಡ್ಡ ಹೆಸರು ಅವನಿಗೆ ಬಂದುದು ಹೀಗೆ. ಜರ್ಮನರನ್ನೂ ಡಚ್ಚರೆಂದು ಕರೆಯುವುದು ಅಲ್ಲಿನ ಜನರ ವಾಡಿಕೆಯಾಗಿದ್ದಿತು.

ಕೀರ್ತಿಯ ವಿಷಯದಲ್ಲಿ ಅವನ ಮನಸ್ಸು ಎಂಥದೆಂಬುದಕ್ಕೆ ಒಂದು ಸಂಗತಿ ಸಾಕು. 1903ರಲ್ಲಿ ಎರಡು ದೊಡ್ಡ ಪಂಗಡಗಳ ವಿಜೇತರ ನಡುವೆ ವರ್ಲ್ಡ್ ಸೀರೀಸ್ ಎಂಬ ಪಂದ್ಯಮಾಲೆ ಮೊದಲ ಬಾರಿಗೆ ನಡೆಯಿತು. ಪಿಟ್ಸ್‌ಬರ್ಗ್ ತಂಡವು ಬಾಸ್ಟನ್ ತಂಡಕ್ಕೆ ಸೋತಿತು. ವ್ಯಾಗ್ನರನ ಆಟವು ಬಹು ಕಳಪೆಯಾಗಿದ್ದಿತು. ಕೊನೆಯ ಪಂದ್ಯದಲ್ಲಿ ಕೊನೆಗೆ ಔಟಾದವನೂ ಅವನೇ. ಮರುವರ್ಷ ದಾಂಡಿಗರಲ್ಲಿ ಶ್ರೇಷ್ಠರಾದವರ ಚಿತ್ರಗಳನ್ನು ಸಂಗ್ರಹಿಸುತ್ತಿದ್ದವರು ಅವನ ಭಾವಚಿತ್ರವನ್ನು ಕೇಳಿದರು. ಆ ಸೋಲಿನಲ್ಲಿ ತಾನು ಆಡಿದ ರೀತಿಯನ್ನು ನೆನೆದು, ಅಂಥವನ ಚಿತ್ರವು ಅಲ್ಲಿರತಕ್ಕದ್ದಲ್ಲವೆಂದು ಅವನು ಕಳುಹಿಸದೆ ಹೋದನು. ಚಿತ್ರವನ್ನು ಕೊಡೆನೆಂದು ಅವನು ಹೇಳಿದ್ದು ಆಗಲೇ ಒಂದು ಸಲ ನಡೆದಿದ್ದಿತು.

ಹಾಗೆಂದು ವ್ಯಾಗ್ನರನು ಹಣವೆಂದರೆ ಮೂಗು ಮುರಿಯುವ ಸಂನ್ಯಾಸಿಯೆಂದು ಯಾರೂ ಭಾವಿಸಬಾರದು. 1905ರಲ್ಲಿ ಲೂಯಿವಿಲ್ ನಗರದ ದಾಂಡು ತಯಾರಕರಿಗೆ ತನ್ನ ಸಹಿಯನ್ನು ದಾಂಡಿನ ಮೇಲೆ ಹಾಕಿ ಮಾರಲು ಅವನು ಒಪ್ಪಿಗೆಯಿತ್ತನು. ಹೀಗೆ ಸಹಿಯನ್ನು ಕೊಟ್ಟ ಆಟಗಾರರಲ್ಲಿ ಅವನೇ ಮೊದಲಿಗನು. 1908ರ ಆಟದ ಕಾಲ ಆರಂಭವಾಗುವ ಮೊದಲು ತಾನು ನಿವೃತ್ತನಾಗುವೆನೆಂದು ಹಠ ಹಿಡಿದು ಕುಳಿತಾಗ, ಡ್ರೈಫಸನು ಅವನ ಸಂಬಳವನ್ನು ವರ್ಷಕ್ಕೆ 10,000 ಡಾಲರಿಗೆ ಏರಿಸಿದನು. ಆ ಕಾಲಕ್ಕೆ ಅದು ದೊಡ್ಡ ಮೊತ್ತ. ಗಣಿಯಿಂದ ಬಂದವನಾದ್ದರಿಂದ ದುಡ್ಡಿನ ಬೆಲೆ ಅವನಿಗೆ ತಿಳಿದಿದ್ದಿತು.

ಇನ್ನು ಆ ಕಂಪನಿಯ ವಿಷಯ. ಅಮೆರಿಕಾದ ಅಂತರ್ಯುದ್ಧದ ನಂತರ ಸಿಗರೇಟುಗಳನ್ನು ಕೈಯಿಂದಲೇ ಸುತ್ತುತ್ತಿದ್ದರು. ನುರಿತ ಕೆಲಸಗಾರನೊಬ್ಬನು ದಿನಕ್ಕೆ ಸುಮಾರು ಮೂರು ಸಾವಿರ ಸುತ್ತಬಲ್ಲವನಾಗಿದ್ದನು. ಜೇಮ್ಸ್ ಬೊನ್ಸಾಕ್ ಎಂಬ ತರುಣನು ಕಂಡುಹಿಡಿದ ಯಂತ್ರವು ಹತ್ತು ಗಂಟೆಗಳಲ್ಲಿ ಒಂದು ಲಕ್ಷ ಇಪ್ಪತ್ತು ಸಾವಿರದಷ್ಟು ಸಿಗರೇಟುಗಳನ್ನು ಸುತ್ತಿ ಹಾಕಿತು. ಉತ್ತರ ಕೆರೊಲಿನಾದ ಜೇಮ್ಸ್ ಬ್ಯುಕ್ಯಾನನ್ ಡ್ಯೂಕ್ ಎಂಬ ವ್ಯಾಪಾರಿಯು 1884ರ ಸುಮಾರಿಗೆ ಈ ಯಂತ್ರವನ್ನು ತನ್ನ ಕಾರ್ಖಾನೆಯಲ್ಲಿ ಹೂಡಿದನು. ತಯಾರಿಸುವ ಕಷ್ಟವು ತೀರಿತು. ಮಾರುವ ಕಷ್ಟವು ಹುಟ್ಟಿತು. ಅಷ್ಟು ಸಿಗರೇಟುಗಳನ್ನು ಸೇದುವವರು ಎಲ್ಲಿದ್ದಾರೆ?

ಈ ಪ್ರಶ್ನೆಗೆ ಉತ್ತರವೇ ಪೊಟ್ಟಣದೊಳಗಿನ ಚಿತ್ರ. ಮೆತ್ತಗಿನ ಕಾಗದದ ಪೊಟ್ಟಣವು ಮುದುಡದಂತೆ ಒಳಗೆ ಒಂದು ದಪ್ಪ ರಟ್ಟಿನ ತುಂಡನ್ನು ಇಡುತ್ತಿದ್ದರು. ಆ ರಟ್ಟಿನ ಮೇಲೆ ನಟಿಯರು, ರಾಜರು, ಹಕ್ಕಿಗಳು, ಧ್ವಜಗಳು, ಆಟಗಾರರು ಮುಂತಾದ ಚಿತ್ರಗಳನ್ನು ಅಚ್ಚು ಹಾಕಿದರೆ ಗಿರಾಕಿಯು ಇಡೀ ಸಾಲನ್ನು ಕೂಡಿಸುವ ಆಸೆಯಿಂದ ಮತ್ತೆ ಮತ್ತೆ ಅದೇ ಹೆಸರಿನ ಸಿಗರೇಟನ್ನು ಕೊಳ್ಳುವನು. 1880ರ ದಶಕದ ಕೊನೆಯಲ್ಲಿ ಗುಡ್‌ವಿನ್, ಆಲೆನ್ ಅಂಡ್ ಗಿಂಟರ್ ಮೊದಲಾದ ಕಂಪನಿಗಳು ಈ ಉಪಾಯದಲ್ಲಿ ಒಂದನ್ನೊಂದು ಮೀರಿಸಲು ಹೊರಟವು. ಬೇಸ್‌ಬಾಲ್ ಆಟಗಾರರ ಕಾರ್ಡುಗಳ ವ್ಯಾಪಾರವು ಬೇರೂರಿದುದು ಆಗಲೇ. 1890ರಲ್ಲಿ ಡ್ಯೂಕನು ತನ್ನದೂ ಸೇರಿದಂತೆ ಐದು ದೊಡ್ಡ ಕಂಪನಿಗಳನ್ನು ಒಂದುಗೂಡಿಸಿ ಅಮೆರಿಕನ್ ಟೊಬ್ಯಾಕೋ ಕಂಪನಿಯನ್ನು ಸ್ಥಾಪಿಸಿದನು. ಇಲ್ಲೊಂದು ವಿನೋದವಿದೆ. ಎದುರಾಳಿಗಳೆಲ್ಲ ಒಂದಾದ ಮೇಲೆ ಗಿರಾಕಿಯನ್ನು ಓಲೈಸುವ ಅಗತ್ಯವೇ ಇಲ್ಲವಾಯಿತು. ಕೆಲವೇ ವರ್ಷಗಳಲ್ಲಿ ಚಿತ್ರಗಳೂ ಪೊಟ್ಟಣದಿಂದ ಮಾಯವಾದವು. ಏಕಸ್ವಾಮ್ಯವು ಬಂದ ಕೂಡಲೆ ಗಿರಾಕಿಗೆ ದೊರೆಯುವ ಚಿಕ್ಕ ಲಾಭವೂ ಇಲ್ಲವಾಗುವುದೆಂಬ ತತ್ತ್ವವನ್ನು ಪರೀಕ್ಷೆಯಲ್ಲಿ ಬರೆಯುವವರು ಈ ಉದಾಹರಣೆಯನ್ನು ನೆನಪಿಡಬಹುದು.

ಮುಂದೆ 1909ರಲ್ಲಿ ಕಂಪನಿಯು ಮತ್ತೆ ಕಾರ್ಡುಗಳನ್ನು ಹೊರಡಿಸಲು ಮನಸ್ಸು ಮಾಡಿತು. ಎರಡೂವರೆ ಅಂಗುಲಕ್ಕೆ ತುಸು ಹೆಚ್ಚು ಉದ್ದ, ಒಂದೂವರೆ ಅಂಗುಲಕ್ಕೆ ತುಸು ಕಡಿಮೆ ಅಗಲ, ಸುತ್ತ ಬಿಳಿಯ ಅಂಚು, ನಡುವೆ ಕಲ್ಲಚ್ಚಿನಲ್ಲಿ ಮೂಡಿಸಿದ ಬಣ್ಣದ ಚಿತ್ರ, ಹಿಂಬದಿಯಲ್ಲಿ ಸಿಗರೇಟಿನ ಜಾಹೀರಾತು. 1911ರವರೆಗೆ ಹದಿನಾರು ಹೆಸರಿನ ಸಿಗರೇಟುಗಳ ಪೊಟ್ಟಣಗಳಲ್ಲಿ ಐನೂರಕ್ಕೂ ಹೆಚ್ಚು ಬಗೆಯ ಇಂಥ ಕಾರ್ಡುಗಳು ಹೊರಬಂದವು. ವ್ಯಾಗ್ನರನ ಕಾರ್ಡಿನಲ್ಲಿ ಕಿತ್ತಳೆ ಬಣ್ಣದ ಹಿನ್ನೆಲೆ, ಬೂದು ಬಣ್ಣದ ಅಂಗಿ, ಕೂದಲನ್ನು ನಡುವೆ ಬೈತಲೆ ತೆಗೆದು ಬಾಚಿದೆ, ಮುಖದಲ್ಲಿ ನಗುವಿಲ್ಲ. ಕಾರ್ಲ್ ಹಾರ್ನರ್ ಎಂಬ ಛಾಯಾಗ್ರಾಹಕನು ತೆಗೆದಿದ್ದ ಭಾವಚಿತ್ರವನ್ನು ನೋಡಿ ಅದನ್ನು ಬರೆದಿದ್ದರು.

ಆ ವೇಳೆಗೆ, ಒಬ್ಬನ ಚಿತ್ರವನ್ನು ಅವನ ಲಿಖಿತ ಒಪ್ಪಿಗೆಯಿಲ್ಲದೆ ವ್ಯಾಪಾರಕ್ಕೆ ಬಳಸಕೂಡದೆಂಬ ಕಾನೂನು 1903ರಲ್ಲಿಯೇ ನ್ಯೂಯಾರ್ಕ್ ಸಂಸ್ಥಾನದಲ್ಲಿ ಜಾರಿಗೆ ಬಂದಿದ್ದಿತು. ವ್ಯಾಗ್ನರನ ಒಪ್ಪಿಗೆಯನ್ನು ತಂದುಕೊಡುವ ಕೆಲಸವನ್ನು ಕಂಪನಿಯು ಪಿಟ್ಸ್‌ಬರ್ಗಿನ ಪತ್ರಿಕಾ ಬರಹಗಾರ ಜಾನ್ ಗ್ರೂಬರನಿಗೆ ವಹಿಸಿತು. ತಂದುಕೊಟ್ಟರೆ ಅವನಿಗೆ ಹತ್ತು ಡಾಲರು. ಗ್ರೂಬರನು ಪರಿಚಯದ ಸಲಿಗೆಯಿಂದ ವ್ಯಾಗ್ನರನಿಗೆ ಪತ್ರ ಬರೆದನು. ಸಿಗರೇಟಿನ ಪೊಟ್ಟಣದಲ್ಲಿ ತನ್ನ ಚಿತ್ರವಿರುವುದು ತನಗೆ ಬೇಡವೆಂದು ವ್ಯಾಗ್ನರನು ಉತ್ತರಿಸಿದನು. ಆ ಉತ್ತರದ ಜೊತೆಗೆ ಹತ್ತು ಡಾಲರಿನ ಒಂದು ಚೆಕ್ಕನ್ನೂ ಇಟ್ಟು ಕಳುಹಿಸಿದನು. ತನ್ನ ನಿರಾಕರಣೆಯಿಂದ ಗ್ರೂಬರನಿಗೆ ತಪ್ಪಿಹೋಗುವ ಹಣವನ್ನು ತಾನೇ ತುಂಬಿಕೊಟ್ಟನು. 1912ರಲ್ಲಿ ಒಂದು ಕ್ರೀಡಾ ಪತ್ರಿಕೆಯು ಈ ಸಂಗತಿಯನ್ನು ಪ್ರಕಟಿಸಿತು.

ಕಂಪನಿಯು ಅವನ ಕಾರ್ಡನ್ನು ನಿಲ್ಲಿಸಿತು. ಆದರೆ ಅಷ್ಟರಲ್ಲಿಯೇ ಕೆಲವು ಕಾರ್ಡುಗಳು ಪೊಟ್ಟಣ ಸೇರಿ ಅಂಗಡಿಗಳಿಗೆ ಹೋಗಿಬಿಟ್ಟಿದ್ದವು. ಮಿಕ್ಕ ಆಟಗಾರರ ಕಾರ್ಡುಗಳು ಲಕ್ಷಗಟ್ಟಲೆ ಹೊರಬಂದರೆ ವ್ಯಾಗ್ನರನದು ಇನ್ನೂರನ್ನು ದಾಟಿರಲಾರದೆಂದು ತಿಳಿದವರ ಅಂದಾಜು. ಇಂದು ಉಳಿದಿರುವುದು ಅರವತ್ತರ ಆಸುಪಾಸು ಮಾತ್ರ. ಕಂಪನಿಯ ಬಾಳೂ ಹಾಗೆಯೇ ಉಳಿಯಲಿಲ್ಲ. 1911ರ ಮೇ ತಿಂಗಳಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯವು ಅದರ ಏಕಸ್ವಾಮ್ಯವನ್ನು ಅಕ್ರಮವೆಂದು ತೀರ್ಮಾನಿಸಿ, ಅದನ್ನು ಒಡೆಯಬೇಕೆಂದು ಆಜ್ಞಾಪಿಸಿತು.

ವ್ಯಾಗ್ನರನು ಏತಕ್ಕಾಗಿ ಒಲ್ಲೆನೆಂದನು? ಇದರ ಬಗ್ಗೆ ಎರಡು ಅಭಿಪ್ರಾಯಗಳಿವೆ. ಚಿತ್ರದ ಆಸೆಗಾಗಿ ಮಕ್ಕಳು ಹೊಗೆಸೊಪ್ಪನ್ನು ಕೊಳ್ಳುವಂತಾಗಬಾರದೆಂಬ ಕಳಕಳಿಯೇ ಕಾರಣವೆಂಬುದು ಒಂದು. ಅವನ ಮನೆಯವರು ಮುಂದೆ ಹೇಳುತ್ತ ಬಂದುದೂ ಇದನ್ನೇ. ಕಂಪನಿಯು ಕೊಟ್ಟ ಹಣ ಸಾಲದೆ ಹೋದುದೇ ಕಾರಣವೆಂಬುದು ಇನ್ನೊಂದು. ಎರಡನೆಯ ಪಕ್ಷದವರ ವಾದವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ವ್ಯಾಗ್ನರನು ಸ್ವತಃ ಹೊಗೆಸೊಪ್ಪನ್ನು ಜಗಿಯುತ್ತಿದ್ದನು, ಚುಟ್ಟಾ ಸೇದುತ್ತಿದ್ದನು. ಲೂಯಿವಿಲ್ಲಿನಲ್ಲಿದ್ದ ದಿನಗಳಲ್ಲಿ ಒಂದು ಚುಟ್ಟಾ ವ್ಯಾಪಾರಿಯ ಕಾರ್ಡಿನ ಮೇಲೆ ಅವನ ಚಿತ್ರವೂ ಬಂದಿದ್ದಿತು. 1948ರ ಸುಮಾರಿಗೆ ಷಿಕಾಗೋವಿನ ಒಂದು ಬಬಲ್‌ಗಮ್ ಕಂಪನಿಯು ಹೊರಡಿಸಿದ ಕಾರ್ಡಿನಲ್ಲಿಯಂತೂ ಮುದುಕ ವ್ಯಾಗ್ನರನು ಹೊಗೆಸೊಪ್ಪನ್ನು ಬಾಯಿಗೆ ತುಂಬಿಕೊಳ್ಳುತ್ತಿರುವುದೇ ಚಿತ್ರ!

ಇಷ್ಟೆಲ್ಲ ಸರಿ. ಆದರೆ ನನ್ನ ಅಲ್ಪ ಬುದ್ಧಿಗೆ ಒಂದು ವಿಷಯ ತೋರುತ್ತದೆ. ಅದೇ ಕಾಲದಲ್ಲಿ ಮಿಠಾಯಿ ಕಂಪನಿಗಳು ಹೊರಡಿಸಿದ ಕಾರ್ಡುಗಳಲ್ಲಿ ವ್ಯಾಗ್ನರನಿದ್ದಾನೆ. ಮಿಠಾಯಿಯ ಪೊಟ್ಟಣದಲ್ಲಿದ್ದವನು ಸಿಗರೇಟಿನ ಪೊಟ್ಟಣದಲ್ಲಿ ಮಾತ್ರ ಏಕಿಲ್ಲ? ಇನ್ನು ಹಣದ ಆಸೆಯೇ ಅವನನ್ನು ತಡೆದಿದ್ದರೆ, ಹೆಚ್ಚಿಗೆ ಕೇಳಿ ಒಂದು ಪತ್ರ ಬರೆದಿದ್ದರೆ ಸಾಕಾಗಿದ್ದಿತು. ಕೈಯಿಂದ ಹತ್ತು ಡಾಲರು ಕಳೆದುಕೊಳ್ಳುವ ಅಗತ್ಯವಿರಲಿಲ್ಲ. ತಾನು ಜಗಿಯುವುದನ್ನೇ ಮಕ್ಕಳ ಕೈಗೆ ಕೊಡಲು ಹಿಂಜರಿಯುವ ತಂದೆಯರು ನಮ್ಮ ಊರುಗಳಲ್ಲಿ ಎಷ್ಟು ಮಂದಿಯಿಲ್ಲ? ತನ್ನ ಚಟವನ್ನು ಬಿಡಲಾರದವನಿಗೂ ಇನ್ನೊಬ್ಬರಿಗೆ ಅದನ್ನು ಅಂಟಿಸಬಾರದೆಂಬ ವಿವೇಕವಿರಬಹುದು. ಅದನ್ನು ಆಷಾಢಭೂತಿತನವೆಂದು ನಾನು ಕರೆಯಲಾರೆ.

ಅವನ ಮುಂದಿನ ಜೀವನವನ್ನು ಸಂಗ್ರಹವಾಗಿ ಹೇಳಿಬಿಡುತ್ತೇನೆ. ಆ ಕಾರ್ಡುಗಳು ಹೊರಟ 1909ನೆಯ ವರ್ಷವೇ ಅವನ ಆಟದ ಶಿಖರ. ಆ ವರ್ಷದ ವರ್ಲ್ಡ್ ಸೀರೀಸಿನಲ್ಲಿ ಪಿಟ್ಸ್‌ಬರ್ಗ್ ತಂಡವು ಡೆಟ್ರಾಯಿಟ್ ತಂಡವನ್ನು ನಾಲ್ಕಕ್ಕೆ ಮೂರು ಪಂದ್ಯಗಳಿಂದ ಸೋಲಿಸಿತು. ಎದುರು ಪಕ್ಷದಲ್ಲಿದ್ದವನು ತರುಣ ಟೈ ಕಾಬ್. ಆಗಿನ ಇನ್ನೊಬ್ಬ ಮಹಾ ಆಟಗಾರನು. ಮೂವತ್ತೈದು ವರ್ಷದ ವ್ಯಾಗ್ನರನು ದಾಂಡಿನಲ್ಲಿಯೂ ಓಟದಲ್ಲಿಯೂ ಅವನನ್ನು ಮೀರಿಸಿ, ಆರು ವರ್ಷಗಳ ಹಿಂದಿನ ಕಳಂಕವನ್ನು ತೊಳೆದುಕೊಂಡನು. 1916ರ ಡಿಸೆಂಬರ್ 31ರಂದು ಬೆಸ್ಸಿ ಸ್ಮಿತ್ ಎಂಬಾಕೆಯನ್ನು ಮದುವೆಯಾದನು. ಮೊದಲ ಮಗು ಹುಟ್ಟುವಾಗಲೇ ತೀರಿಕೊಂಡಿತು. ತರುವಾಯ ಇಬ್ಬರು ಹೆಣ್ಣು ಮಕ್ಕಳಾದರು. ಆಟ ಬಿಟ್ಟ ಮೇಲೆ ತೆರೆದ ಕ್ರೀಡಾ ಸಾಮಗ್ರಿಗಳ ಅಂಗಡಿಯು ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ ಕೈಕಚ್ಚಿತು. 1933ರಲ್ಲಿ ಹಳೆಯ ತಂಡವು ಅವನನ್ನು ತರಬೇತುದಾರನನ್ನಾಗಿ ಕರೆಯಿತು. ಸುಮಾರು ಹದಿನೆಂಟು ವರ್ಷ ಹುಡುಗರಿಗೆ ಆಟವನ್ನೂ, ಜೊತೆಗೆ ನಂಬಲಾಗದ ಕಥೆಗಳನ್ನೂ ಹೇಳಿಕೊಡುತ್ತ ಅವನು ಅಲ್ಲಿದ್ದನು. 1936ರಲ್ಲಿ ಆ ಆಟದ ಕೀರ್ತಿಮಂದಿರಕ್ಕೆ ಮೊಟ್ಟಮೊದಲು ಆರಿಸಿದ ಐವರಲ್ಲಿ ವ್ಯಾಗ್ನರನೂ ಒಬ್ಬನಾದನು. ಬೇಬ್ ರೂತನಿಗೂ ಅವನಿಗೂ ಸಮನಾಗಿ 215 ಮತಗಳು ಬಂದಿದ್ದವು. 1955ರ ಏಪ್ರಿಲಿನಲ್ಲಿ ಪಿಟ್ಸ್‌ಬರ್ಗಿನಲ್ಲಿ ಅವನ ಪ್ರತಿಮೆಯನ್ನು ಸ್ಥಾಪಿಸಿದಾಗ ಅದನ್ನು ಕಣ್ಣಾರೆ ಕಾಣುವ ಭಾಗ್ಯ ಅವನಿಗಿದ್ದಿತು. ಅದೇ ವರ್ಷ ಡಿಸೆಂಬರ್ 6ರಂದು, ತನ್ನ 81ನೆಯ ವಯಸ್ಸಿನಲ್ಲಿ, ಹುಟ್ಟಿದ ಊರಿನಲ್ಲಿಯೇ ಅವನು ಕಣ್ಣು ಮುಚ್ಚಿದನು.

ಚಿತ್ರದ ಕಥೆ ಮಾತ್ರ ಅಲ್ಲಿಗೆ ಮುಗಿಯಲಿಲ್ಲ. ಸಿರಾಕ್ಯೂಸ್ ನಗರದಲ್ಲಿ ಜೆಫರ್ಸನ್ ಬರ್ಡಿಕ್ ಎಂಬ ಬಡ ಕಾರ್ಖಾನೆಯ ನೌಕರನಿದ್ದನು. ಸಂಧಿವಾತದಿಂದ ಕೈಬೆರಳುಗಳು ಸೆಟೆದುಕೊಂಡಿದ್ದರೂ ಅವನು ಜೀವನವಿಡೀ ಇಂಥ ಕಾರ್ಡುಗಳನ್ನು ಕೂಡಿಸಿ, ವಿಂಗಡಿಸಿ, ಒಂದೊಂದು ಸಾಲಿಗೂ ಗುರುತಿನ ಸಂಖ್ಯೆಯನ್ನು ಕೊಟ್ಟನು. ವ್ಯಾಗ್ನರನ ಕಾರ್ಡಿರುವ ಸಾಲು ಟಿ-206 ಎಂದು ಪ್ರಸಿದ್ಧವಾದುದು ಅವನಿಂದಲೇ. ಮೂರು ಲಕ್ಷಕ್ಕೂ ಹೆಚ್ಚಿನ ತನ್ನ ಸಂಗ್ರಹವನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಕಲಾ ಸಂಗ್ರಹಾಲಯಕ್ಕೆ ದಾನವಿತ್ತು, ಅಲ್ಲಿಯೇ ಕುಳಿತು ವರ್ಷಗಟ್ಟಲೆ ಅವುಗಳನ್ನು ತನ್ನ ಕೈಯಾರೆ ಪುಸ್ತಕಗಳಿಗೆ ಅಂಟಿಸಿದನು. 1963ರ ಜನವರಿಯಲ್ಲಿ ಆ ಕೆಲಸ ಮುಗಿಯಿತು. ಮಾರ್ಚಿಯಲ್ಲಿ ಅವನ ಆಯುಷ್ಯವೂ ಮುಗಿಯಿತು. ಉಳಿದ ಕಾರ್ಡುಗಳಿಗೆ ಕೆಲವು ಕಾಸುಗಳ ಬೆಲೆಯಿದ್ದಾಗ ವ್ಯಾಗ್ನರನ ಕಾರ್ಡಿಗೆ ಅವನ ಪಟ್ಟಿಯಲ್ಲಿ 50 ಡಾಲರಿದ್ದಿತು.

ಆ 50 ಡಾಲರು ಮುಂದೆ ಬೆಳೆದ ಪರಿ ಬೆರಗು ಹುಟ್ಟಿಸುವಂಥದು. 1991ರಲ್ಲಿ ಒಂದು ಕಾರ್ಡು 4,51,000 ಡಾಲರಿಗೆ ಹರಾಜಾಯಿತು. ಅದೇ ಕಾರ್ಡು 2007ರಲ್ಲಿ 28 ಲಕ್ಷ ಡಾಲರಿಗೆ ಕೈ ಬದಲಾಯಿಸಿತು. ಅದರ ಅಂಚುಗಳನ್ನು ಅಂದವಾಗಿ ಕಾಣಲೆಂದು ಕತ್ತರಿಸಿದ್ದಾಗಿ ಹಿಂದೆ ಅದನ್ನು ಮಾರಿದ್ದ ವ್ಯಾಪಾರಿಯು 2013ರಲ್ಲಿ ನ್ಯಾಯಾಲಯದ ಮುಂದೆ ಒಪ್ಪಿಕೊಂಡನು. 2022ರಲ್ಲಿ ಇನ್ನೊಂದು ಕಾರ್ಡಿಗೆ 72 ಲಕ್ಷ 50 ಸಾವಿರ ಡಾಲರು ಬಂದಿತು. ಇವೆಲ್ಲಕ್ಕಿಂತ ನನ್ನ ಮನಸ್ಸಿನಲ್ಲಿ ನಿಂತುದು 2010ರ ಒಂದು ಸಂಗತಿ. ಕ್ರೈಸ್ತ ಸಂನ್ಯಾಸಿನಿಯರ ಒಂದು ಸಂಘಕ್ಕೆ ಉಯಿಲಿನ ಮೂಲಕ ಈ ಕಾರ್ಡು ಬಂದಿದ್ದಿತು. ಅದು ಹಾಳಾದ ಸ್ಥಿತಿಯಲ್ಲಿದ್ದಿತು. ಆದರೂ ಎರಡು ಲಕ್ಷ ಡಾಲರಿಗೂ ಮೇಲ್ಪಟ್ಟ ಹಣ ಹುಟ್ಟಿ, ಬಡವರ ಸೇವೆಗೆ ಸಂದಿತು. ಹೊಗೆಸೊಪ್ಪನ್ನು ಮಾರಲೆಂದು ಅಚ್ಚಾದ ಕಾಗದವು ಕೊನೆಗೆ ಇಂಥ ಕಡೆಗೂ ಸೇರಿತು.

ಈಗ ನಮ್ಮ ಮನೆಯ ಮಾತು. ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ಶಾಲೆಯಲ್ಲಿ ತಂಬಾಕಿನ ವಿರುದ್ಧ ಪ್ರಬಂಧ ಸ್ಪರ್ಧೆ ನಡೆಯಿತು. ನನಗೆ ಮೊದಲ ಬಹುಮಾನವಾಗಿ ಒಂದು ಸ್ಟೀಲಿನ ತಟ್ಟೆ ಬಂದಿತು. ಸಂಜೆ ಮನೆಗೆ ಬಂದವನು ತಟ್ಟೆಯನ್ನು ಜಗಲಿಯಲ್ಲಿಟ್ಟು, ಗೆರಸೆಯ ಮುಂದೆ ಕುಳಿತಿದ್ದ ಅಮ್ಮನಿಗೆ ಬೀಡಿಯ ಕೆಡುಕುಗಳನ್ನೆಲ್ಲ ಒಂದೊಂದಾಗಿ ವಿವರಿಸಿದೆ. ನಾಳೆಯಿಂದಲೇ ಈ ಕೆಲಸವನ್ನು ಬಿಡಬೇಕೆಂದು ಅಪ್ಪಣೆಯನ್ನೂ ಮಾಡಿದೆ. ಅಮ್ಮ ನೂಲು ಸುತ್ತುವ ಕೈಯನ್ನು ನಿಲ್ಲಿಸಲಿಲ್ಲ. ಶಾಲೆಯ ಪ್ರವಾಸಕ್ಕೆ ದುಡ್ಡು ಕೊಡಲು ನಾಳೆಯೇ ಕೊನೆಯ ದಿನವಲ್ಲವೆ ಎಂದು ಮಾತ್ರ ಕೇಳಿದರು. ಆ ರಾತ್ರಿ ಅವರು ಸಾವಿರವನ್ನು ಪೂರೈಸಿ, ಇಪ್ಪತ್ತೈದರ ಕಟ್ಟುಗಳನ್ನು ಎಣಿಸಿಟ್ಟು ಮಲಗುವಾಗ ಹನ್ನೊಂದು ಗಂಟೆ ದಾಟಿದ್ದಿತು. ಬೆಳಿಗ್ಗೆ ಬ್ರಾಂಚಿಗೆ ಬೀಡಿಯನ್ನು ಕೊಟ್ಟು ಬಂದು ನನ್ನ ಕೈಗೆ ದುಡ್ಡನ್ನಿತ್ತರು. ನಾನು ಅದನ್ನು ತೆಗೆದುಕೊಂಡೆ.

ನಾನು ಬರೆದ ಪ್ರಬಂಧದಲ್ಲಿ ತಪ್ಪೇನೂ ಇರಲಿಲ್ಲ. 2009ರಿಂದ ನಮ್ಮ ದೇಶದಲ್ಲಿ ಬೀಡಿ ಸಿಗರೇಟುಗಳ ಪೊಟ್ಟಣದ ಮೇಲೆ ರೋಗದ ಚಿತ್ರಗಳನ್ನು ಅಚ್ಚು ಹಾಕಬೇಕೆಂಬ ನಿಯಮವಿದೆ. ಒಂದು ಕಾಲಕ್ಕೆ ಗಿರಾಕಿಯನ್ನು ಸೆಳೆಯಲು ಚಿತ್ರವನ್ನಿಟ್ಟಿದ್ದ ಜಾಗದಲ್ಲಿ ಈಗ ಅವನನ್ನು ಹೆದರಿಸಲು ಚಿತ್ರವಿದೆ. ಅದು ಸರಿಯೇ. ಆದರೆ ವ್ಯಾಗ್ನರನ ಕಥೆಯನ್ನು ಓದಿದಂದಿನಿಂದ ನನ್ನ ಅಂದಿನ ಉಪದೇಶವು ನನ್ನನ್ನು ಚುಚ್ಚುತ್ತಿದೆ. ಒಲ್ಲೆನೆಂದು ಹೇಳುವುದು ಸುಲಭ. ಆ ಒಲ್ಲೆನೆಂಬ ಮಾತಿನ ಬೆಲೆಯನ್ನು ಯಾರು ತೆರುತ್ತಾರೆಂಬುದೇ ಪ್ರಶ್ನೆ. ನನ್ನ ಆದರ್ಶದ ಬೆಲೆಯನ್ನು ನಾನು ಅಮ್ಮನ ತಲೆಯ ಮೇಲೆ ಹೊರಿಸಿದ್ದೆ. ವ್ಯಾಗ್ನರನು ತನ್ನ ಆದರ್ಶದ ಬೆಲೆಯನ್ನು ಗ್ರೂಬರನ ಮೇಲೆ ಹೊರಿಸದೆ ತನ್ನ ಕೈಯಿಂದ ಕೊಟ್ಟನು. ಆ ಕಾರ್ಡಿಗೆ ಲೋಕವು ಎಷ್ಟೇ ಲಕ್ಷಗಳ ಬೆಲೆಯನ್ನು ಕಟ್ಟಲಿ, ಅವನ ಜೀವನದಲ್ಲಿ ನನಗೆ ಅಮೂಲ್ಯವಾಗಿ ಕಂಡುದು ಆ ಹತ್ತು ಡಾಲರಿನ ಚೆಕ್ಕು.

ಈ ವರ್ಷದಿಂದ ಕಾಲೇಜು ಬಿಟ್ಟ ಮೇಲೆ ಪೇಟೆಯ ಒಂದು ಜೆರಾಕ್ಸ್ ಅಂಗಡಿಯಲ್ಲಿ ಎರಡು ಗಂಟೆ ಕೆಲಸ ಮಾಡುತ್ತಿದ್ದೇನೆ. ತಿಂಗಳ ಕೊನೆಯಲ್ಲಿ ಬರುವ ಹಣ ಹೆಚ್ಚೇನೂ ಅಲ್ಲ. ಆದರೂ ಅಮ್ಮ ದಿನಕ್ಕೆ ಕಟ್ಟುತ್ತಿದ್ದ ಸಾವಿರವನ್ನು ಆರುನೂರಕ್ಕೆ ಇಳಿಸಿದ್ದಾರೆ. ರಾತ್ರಿ ಒಂಬತ್ತಕ್ಕೆ ಗೆರಸೆ ಮೂಲೆ ಸೇರುತ್ತದೆ. ಉಳಿದ ಆರುನೂರು ನಾನು ತೆರಬೇಕಾದ ಬಾಕಿ. ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಒಂದು ನೌಕರಿ ದೊರೆತ ದಿನ ಅದನ್ನೂ ಸಲ್ಲಿಸಬೇಕೆಂಬ ಆಸೆಯಿದೆ. ಸಹಪಾಠಿಗಳೇ, ನೀವೂ ಎಂದಾದರೂ ಒಂದು ಒಳ್ಳೆಯ ಕಾರಣಕ್ಕಾಗಿ ಒಲ್ಲೆನೆಂದು ಹೇಳುವ ಸಂದರ್ಭ ಬಂದಾಗ, ಗಣಿಯಿಂದ ಬಂದ ಈ ಆಟಗಾರನನ್ನು ನೆನೆದುಕೊಳ್ಳಿರೆಂದು ಹೇಳಿ ಈ ಲೇಖನವನ್ನು ಮುಗಿಸುತ್ತೇನೆ.